ತಾಳಮದ್ದಳೆಯ ಅರ್ಥಗಾರಿಕೆಯಲ್ಲಿ ಮನವೊಲಿಕೆ: ಸಂಧಾನ, ಭೇದನ, ಪ್ರದಾನ

೧. ಪ್ರವೇಶ

ಒಲ್ಲದವರ ಮನಸ್ಸನ್ನು ಮೃದುವಾದ ಮಾತಿನಿಂದ ತಿರುಗಿಸುವುದು ಒಂದು ಕಲೆ ಎಂಬ ತಿಳಿವಳಿಕೆ ಭಾರತೀಯ ಪರಂಪರೆಯಲ್ಲಿ ಬಹಳ ಹಳೆಯದು. ರಾಜನೀತಿಶಾಸ್ತ್ರವು ಇದನ್ನು ‘ಸಾಮ’ ಎಂಬ ಹೆಸರಿನಿಂದ ಕರೆದು ಚತುರುಪಾಯಗಳಲ್ಲಿ ಮೊದಲಿಗೆ ಇರಿಸಿತು. ಕಾವ್ಯಮೀಮಾಂಸೆಯು ಉಪದೇಶದ ಬಗೆಗಳನ್ನು ವಿವೇಚಿಸುವಾಗ ಇದನ್ನು ಬೇರೊಂದು ದಿಕ್ಕಿನಿಂದ ಪರಿಶೀಲಿಸಿತು. ಆದರೆ ಈ ಎರಡು ಶಾಸ್ತ್ರಗಳೂ ಬಹುಮಟ್ಟಿಗೆ ಒಲಿಸುವವನ ಕಡೆಯಿಂದ ವಿಷಯವನ್ನು ನೋಡಿದವು. ಒಲ್ಲೆನೆನ್ನುವವನ ಮನಸ್ಸಿನಲ್ಲಿ ಏನು ನಡೆಯುತ್ತದೆ, ಅವನ ನಿರಾಕರಣೆಗೆ ಯಾವ ಬೆಲೆಯಿದೆ ಎಂಬುದನ್ನು ಇಬ್ಬರನ್ನೂ ಎದುರೆದುರು ಕುಳ್ಳಿರಿಸಿ ಪರೀಕ್ಷಿಸುವ ಕಲಾಪ್ರಕಾರವೊಂದು ಕನ್ನಡದಲ್ಲಿದೆ. ಅದು ತಾಳಮದ್ದಳೆ.

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಲ್ಲಿಯೂ ಕೇರಳದ ಕಾಸರಗೋಡಿನಲ್ಲಿಯೂ ಮಲೆನಾಡಿನ ಕೆಲವು ಭಾಗಗಳಲ್ಲಿಯೂ ಈ ಕಲೆ ಬಳಕೆಯಲ್ಲಿದೆ. ಬಯಲಾಟದ ಮೇಳಗಳು ಪತ್ತನಾಜೆಯ ಹೊತ್ತಿಗೆ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದ ರಾತ್ರಿಗಳಲ್ಲಿ ಮನೆಯ ಚಾವಡಿಗಳಲ್ಲಿ, ದೇವಾಲಯಗಳಲ್ಲಿ ಕೂಟಗಳು ನಡೆಯುತ್ತಿದ್ದವು. ಈಗ ವರ್ಷದ ಎಲ್ಲ ಕಾಲದಲ್ಲೂ ಸಭಾಭವನಗಳಲ್ಲಿ ನಡೆಯುತ್ತವೆ. ಯಕ್ಷಗಾನದ ಉಳಿದ ಅಂಗಗಳಾದ ವೇಷ, ಕುಣಿತ, ರಂಗಚಲನೆಗಳು ಇಲ್ಲಿಲ್ಲ. ಭಾಗವತನ ಹಾಡು, ಚೆಂಡೆಮದ್ದಳೆಗಳ ಹಿಮ್ಮೇಳ ಮತ್ತು ಅರ್ಥಧಾರಿಗಳ ಆಶುಭಾಷಣ ಇವಿಷ್ಟರಿಂದಲೇ ಕಥಾಲೋಕ ನಿರ್ಮಾಣವಾಗಬೇಕು. ಮಾತೊಂದನ್ನೇ ಆಧಾರವಾಗಿ ಉಳಿಸಿಕೊಂಡ ಈ ಕಲೆಯಲ್ಲಿ ಮಾತಿನಿಂದ ಸಾಧ್ಯವಾಗುವುದೇನು, ಸಾಧ್ಯವಾಗದಿರುವುದೇನು ಎಂಬ ಪ್ರಶ್ನೆ ಸಹಜವಾಗಿಯೇ ಮುನ್ನೆಲೆಗೆ ಬರುತ್ತದೆ.

ಈ ಪ್ರಶ್ನೆಯನ್ನು ಮೂರು ಸಂದರ್ಭಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಕೃಷ್ಣಸಂಧಾನದಲ್ಲಿ ಕೃಷ್ಣ ಮತ್ತು ಕೌರವರ ಸಂವಾದ, ಕರ್ಣಭೇದನದಲ್ಲಿ ಕೃಷ್ಣ ಮತ್ತು ಕರ್ಣರ ಸಂವಾದ, ಪಾದುಕಾ ಪ್ರದಾನದಲ್ಲಿ ಭರತ ಮತ್ತು ರಾಮರ ಸಂವಾದ ಇವೇ ಆ ಸಂದರ್ಭಗಳು. ಮೂರರಲ್ಲಿಯೂ ಒಬ್ಬನು ಒಲಿಸಲು ಬರುತ್ತಾನೆ, ಇನ್ನೊಬ್ಬನು ಒಲ್ಲೆನೆನ್ನುತ್ತಾನೆ. ಮೂರರಲ್ಲಿಯೂ ಬಂದವನು ಕೇಳಿದ್ದು ಅವನಿಗೆ ದೊರೆಯುವುದಿಲ್ಲ. ಆದರೂ ಈ ಪ್ರಸಂಗಗಳು ತಲೆಮಾರುಗಳಿಂದ ಮತ್ತೆ ಮತ್ತೆ ಆಯ್ಕೆಯಾಗುತ್ತಿರುವುದು ಗಮನಾರ್ಹ.

೨. ಶಾಸ್ತ್ರದ ಹಿನ್ನೆಲೆ ಮತ್ತು ಕನ್ನಡದ ಕ್ರಿಯಾಪದಗಳು

ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ ಬೆಳಕಿಗೆ ಬಂದದ್ದು ಮೈಸೂರಿನಲ್ಲಿ. ಅಲ್ಲಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅದನ್ನು ಪ್ರಕಟಿಸಿದರು. ಅದರ ಎರಡನೆಯ ಅಧಿಕರಣದಲ್ಲಿ, ರಾಜಶಾಸನಗಳನ್ನು ಬರೆಯುವ ಕ್ರಮವನ್ನು ಹೇಳುವ ಶಾಸನಾಧಿಕಾರವೆಂಬ ಪ್ರಕರಣದಲ್ಲಿ ಉಪಾಯಗಳ ವಿವರಣೆ ಬರುತ್ತದೆ. ಅಲ್ಲಿ ಸಾಮಕ್ಕೆ ಐದು ಬಗೆಗಳನ್ನು ಹೇಳಿದೆ. ಎದುರಿನವನ ಗುಣಗಳನ್ನು ಹೊಗಳುವುದು ಗುಣಸಂಕೀರ್ತನ. ಜ್ಞಾತಿ, ಕುಲ, ಸ್ನೇಹಾದಿ ನಂಟುಗಳನ್ನು ನೆನಪಿಸುವುದು ಸಂಬಂಧೋಪಾಖ್ಯಾನ. ಇಬ್ಬರಿಗೂ ಆಗುವ ಉಪಕಾರವನ್ನು ತೋರಿಸುವುದು ಪರಸ್ಪರೋಪಕಾರಸಂದರ್ಶನ. ಹೀಗೆ ಮಾಡಿದರೆ ಮುಂದೆ ಇಂಥ ಫಲವುಂಟೆಂದು ಆಸೆ ಹುಟ್ಟಿಸುವುದು ಆಯತಿಪ್ರದರ್ಶನ. ‘ನಾನು ಬೇರೆಯಲ್ಲ, ನೀನು ಬೇರೆಯಲ್ಲ, ನನ್ನದನ್ನು ನಿನ್ನದೆಂದೇ ಬಳಸು’ ಎಂದು ತನ್ನನ್ನೇ ಮುಂದಿಡುವುದು ಆತ್ಮೋಪನಿಧಾನ. ಇದೇ ಸಂದರ್ಭದಲ್ಲಿ ಭೇದದ ಲಕ್ಷಣವನ್ನೂ ಹೇಳಿದೆ. ಸಂಶಯ ಹುಟ್ಟಿಸುವುದು ಮತ್ತು ಬೆದರಿಸುವುದು ಭೇದ.

ಮಮ್ಮಟನ ಕಾವ್ಯಪ್ರಕಾಶದ ವ್ಯಾಖ್ಯಾನಪರಂಪರೆಯಲ್ಲಿ ಪ್ರಸಿದ್ಧವಾದ ಮೂರು ಬಗೆಯ ಉಪದೇಶಗಳನ್ನು ಇದರ ಜೊತೆಗಿಟ್ಟು ನೋಡಬಹುದು. ವೇದವು ಪ್ರಭುವಿನಂತೆ ಆಜ್ಞಾಪಿಸುತ್ತದೆ. ಪುರಾಣವು ಸ್ನೇಹಿತನಂತೆ ಹಿತ ಹೇಳುತ್ತದೆ. ಕಾವ್ಯವು ಕಾಂತೆಯಂತೆ ರಸದಿಂದ ಅಭಿಮುಖಗೊಳಿಸಿ ಮನಸ್ಸನ್ನು ತಿರುಗಿಸುತ್ತದೆ. ರಾಜನೀತಿಯು ಸಾಮವನ್ನು ಫಲದಿಂದ ಅಳೆದರೆ ಕಾವ್ಯಮೀಮಾಂಸೆಯು ಕೇಳುವವನ ಮನಸ್ಸಿನ ಅಭಿಮುಖತೆಯಿಂದ ಅಳೆಯಿತು. ತಾಳಮದ್ದಳೆಯ ಅರ್ಥಧಾರಿಗೆ ಇವೆರಡೂ ಬೇಕು. ಪಾತ್ರವಾಗಿ ಅವನು ರಾಜದೂತ. ಕಲಾವಿದನಾಗಿ ಸಹೃದಯರ ಮನಸ್ಸನ್ನು ತನ್ನೆಡೆಗೆ ತಿರುಗಿಸಿಕೊಳ್ಳಬೇಕಾದವನು.

ಕನ್ನಡ ಭಾಷೆಯೂ ಈ ವಿಷಯದಲ್ಲಿ ಸೂಕ್ಷ್ಮವಾದ ಭೇದಗಳನ್ನು ಕಾಯ್ದುಕೊಂಡಿದೆ. ಒಲಿಸು, ಒಪ್ಪಿಸು, ಒಡಂಬಡಿಸು, ಓಲೈಸು, ನಂಬಿಸು, ಪುಸಲಾಯಿಸು, ಮರುಳುಮಾಡು ಎಂಬ ಕ್ರಿಯಾಪದಗಳು ಒಂದೇ ಕೆಲಸದ ಬೇರೆ ಬೇರೆ ಹೆಸರುಗಳಲ್ಲ. ‘ಒಪ್ಪಿಸು’ ಎಂಬುದಕ್ಕೆ ಸಮ್ಮತಿ ಪಡೆಯುವ ಅರ್ಥದ ಜೊತೆಗೆ ವಶಕ್ಕೆ ಕೊಡುವ, ಬಾಯಿಪಾಠವನ್ನು ಹೇಳುವ ಅರ್ಥಗಳೂ ಇವೆ. ‘ಓಲೈಸು’ವಲ್ಲಿ ಸೇವೆಯ, ತಗ್ಗಿ ನಡೆಯುವ ಛಾಯೆ ಇದೆ. ‘ಪುಸಲಾಯಿಸು’, ‘ಮರುಳುಮಾಡು’ಗಳಲ್ಲಿ ಎದುರಿನವನ ವಿವೇಕವನ್ನು ಬದಿಗೆ ಸರಿಸುವ ಉದ್ದೇಶ ಅಡಗಿದೆ. ‘ಒಲಿಸು’ ಎಂಬುದು ‘ಒಲಿ’ಯ ಪ್ರೇರಣಾರ್ಥಕ ರೂಪ. ಒಲಿಯುವ ಕ್ರಿಯೆ ಎದುರಿನವನದೇ. ಒಲಿಸುವವನು ಅದಕ್ಕೆ ಪ್ರೇರಕನಾಗಬಲ್ಲನೇ ಹೊರತು ಅವನ ಪರವಾಗಿ ಒಲಿಯಲಾರ. ಮನವೊಲಿಕೆಯ ಮಿತಿ ಈ ಪದದಲ್ಲಿಯೇ ಸೂಚಿತವಾಗಿದೆ.

೩. ಕೂಟದ ವ್ಯವಸ್ಥೆ ಮತ್ತು ನಿರಾಕರಣೆಯ ಸ್ಥಾನ

ತಾಳಮದ್ದಳೆಯ ಸಂವಾದವು ಸಾಮಾನ್ಯ ಚರ್ಚೆಯಲ್ಲ. ಪ್ರಸಂಗಕವಿಯ ಪದ್ಯಗಳು ಮೊದಲೇ ಸಿದ್ಧವಾಗಿರುತ್ತವೆ. ಭಾಗವತನು ಪದ್ಯವನ್ನು ಹಾಡಿದ ಬಳಿಕ ಅರ್ಥಧಾರಿಯು ಅದರ ಭಾವವನ್ನು ತನ್ನ ಮಾತಿನಲ್ಲಿ ವಿಸ್ತರಿಸುತ್ತಾನೆ. ಪಾತ್ರವು ಪ್ರವೇಶಿಸುವಾಗ ತನ್ನ ಹಿನ್ನೆಲೆಯನ್ನೂ ಮನಃಸ್ಥಿತಿಯನ್ನೂ ಹೇಳಿಕೊಳ್ಳುವ ಭಾಗಕ್ಕೆ ಪೀಠಿಕೆಯೆಂದು ಹೆಸರು. ಅನಂತರ ಇದಿರು ಅರ್ಥಧಾರಿಯೊಡನೆ ಸಂಭಾಷಣೆ ಬೆಳೆಯುತ್ತದೆ. ಆಡುವ ಮಾತುಗಳು ಆಶುರೂಪದವಾದರೂ ಕಥೆಯ ಗತಿ ನಿಶ್ಚಿತವಾದುದು. ಕೃಷ್ಣನ ಪಾತ್ರಧಾರಿ ಎಷ್ಟೇ ಸಮರ್ಥವಾಗಿ ವಾದಿಸಿದರೂ ಕೌರವನು ರಾಜ್ಯ ಕೊಡುವಂತಿಲ್ಲ. ಕರ್ಣನು ಪಕ್ಷ ಬದಲಿಸುವಂತಿಲ್ಲ.

ಈ ನಿಯಮದಿಂದ ಎರಡು ಪರಿಣಾಮಗಳುಂಟಾಗುತ್ತವೆ. ಮೊದಲನೆಯದಾಗಿ, ಫಲವು ಮೊದಲೇ ಗೊತ್ತಿರುವುದರಿಂದ ಕೇಳುಗರ ಗಮನವೆಲ್ಲ ರೀತಿಯ ಮೇಲೆ ನೆಲೆಗೊಳ್ಳುತ್ತದೆ. ಯಾರು ಗೆದ್ದರು ಎಂಬ ಕುತೂಹಲಕ್ಕೆ ಎಡೆಯಿಲ್ಲದ ಕಡೆ ಹೇಗೆ ಕೇಳಿದನು, ಹೇಗೆ ನಿರಾಕರಿಸಿದನು ಎಂಬುದೇ ಆಸ್ವಾದದ ವಸ್ತುವಾಗುತ್ತದೆ. ಎರಡನೆಯದಾಗಿ, ನಿರಾಕರಿಸುವ ಪಾತ್ರವು ಬಲಿಷ್ಠವಾಗಿಯೇ ಇರಬೇಕಾಗುತ್ತದೆ. ಕೌರವನನ್ನು ಕೇವಲ ಹಟಮಾರಿಯೆಂದು ಚಿತ್ರಿಸಿದರೆ ಕೃಷ್ಣನ ಸಾಮಕ್ಕೆ ಕೆಲಸವೇ ಇರುವುದಿಲ್ಲ. ಆದ್ದರಿಂದ ಒಳ್ಳೆಯ ಕೂಟದಲ್ಲಿ ಒಲ್ಲೆನೆನ್ನುವವನಿಗೆ ಒಲಿಸುವವನಷ್ಟೇ ಎತ್ತರದ ಆಸನವೂ ಅವನಷ್ಟೇ ಮಾತಿನ ಅವಕಾಶವೂ ದೊರೆಯುತ್ತದೆ. ಖಳರೆಂದು ರೂಢಿಯಾದ ಪಾತ್ರಗಳ ಅಂತರಂಗವನ್ನು ತೆರೆದು ತೋರಿದ ಶೇಣಿ ಗೋಪಾಲಕೃಷ್ಣ ಭಟ್ಟರು (೧೯೧೮-೨೦೦೬) ವಾಲಿ, ರಾವಣ, ಕೌರವ ಮೊದಲಾದ ಪಾತ್ರಗಳಿಂದ ಖ್ಯಾತರಾದುದು ಈ ಹಿನ್ನೆಲೆಯಲ್ಲಿ ಅರ್ಥಪೂರ್ಣ. ಪ್ರತಿನಾಯಕನ ಪಕ್ಷಕ್ಕೆ ತರ್ಕದ ಬಲವನ್ನು ಒದಗಿಸಿದ ಅವರಂಥವರಿಂದಾಗಿ ನಾಯಕಪಾತ್ರದ ಮಾತಿನ ಹೊಣೆಯೂ ಹೆಚ್ಚಿತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಾದದಲ್ಲಿ ಉತ್ತರ ಹೊಳೆಯದೆ ನಿಲ್ಲುವುದು ಬೇರೆ, ಮನಸ್ಸು ಒಲಿಯುವುದು ಬೇರೆ. ತನ್ನ ಬಳಿ ಉತ್ತರವಿಲ್ಲದಿದ್ದರೂ ಒಪ್ಪದಿರುವ ಮನುಷ್ಯನನ್ನು ಲೋಕದಲ್ಲಿ ಎಲ್ಲರೂ ಕಂಡಿರುತ್ತಾರೆ. ಕೌರವನ ಅರ್ಥಧಾರಿಯು ಆ ಮನಃಸ್ಥಿತಿಯನ್ನು ರಂಗದಲ್ಲಿ ನಂಬುವಂತೆ ಮಾಡಬೇಕು. ಹೀಗಾಗಿ ತರ್ಕದ ಗೆಲುವನ್ನೇ ಮನವೊಲಿಕೆಯೆಂದು ಭ್ರಮಿಸುವ ತಪ್ಪನ್ನು ಈ ಕಲೆ ತನ್ನ ರಚನೆಯಿಂದಲೇ ತಿದ್ದುತ್ತದೆ.

೪. ಕೃಷ್ಣಸಂಧಾನ: ತುಂಬಿದ ಸಭೆಯಲ್ಲಿ ಸಾಮ

ಮಹಾಭಾರತದ ಉದ್ಯೋಗಪರ್ವದ ಭಗವದ್ಯಾನಭಾಗವು ಈ ಪ್ರಸಂಗದ ಮೂಲ. ಕುಮಾರವ್ಯಾಸನ ಕರ್ಣಾಟ ಭಾರತ ಕಥಾಮಂಜರಿಯ ಉದ್ಯೋಗಪರ್ವವು ಕನ್ನಡದ ಅರ್ಥಧಾರಿಗಳಿಗೆ ಮುಖ್ಯ ಆಕರ. ದೇವಿದಾಸ ಕವಿಯ ಕೃಷ್ಣಸಂಧಾನವು ಕೂಟಗಳಲ್ಲಿ ಬಹಳ ಪ್ರಚಲಿತವಾದ ಪ್ರಸಂಗ. ಪಾಂಡವರ ಪರವಾಗಿ ಹಸ್ತಿನಾವತಿಗೆ ಬಂದ ಕೃಷ್ಣನು ಕಡೆಗೆ ಐದು ಗ್ರಾಮಗಳನ್ನಾದರೂ ಕೊಡುವಂತೆ ಕೇಳುವುದು, ಸೂಜಿಯ ಮೊನೆಯಷ್ಟು ನೆಲವನ್ನೂ ಕೊಡೆನೆಂದು ಕೌರವನು ನಿರಾಕರಿಸುವುದು ಕಥೆಯ ತಿರುಳು.

ಈ ಸಾಮವು ವಿಫಲವಾದುದೇಕೆ? ಕೌರವನ ಲೋಭವೇ ಕಾರಣವೆಂಬುದು ಸುಲಭದ ಉತ್ತರ. ಕಥೆಯೊಳಗೆ ಇನ್ನೂ ಕೆಲವು ಕಾರಣಗಳು ಅಡಗಿವೆ. ವ್ಯಾಸಭಾರತದಲ್ಲಿ ಸಭೆಗೆ ಮುನ್ನ ದುರ್ಯೋಧನನು ಕೃಷ್ಣನನ್ನು ಭೋಜನಕ್ಕೆ ಆಹ್ವಾನಿಸುತ್ತಾನೆ. ಪ್ರೀತಿಯಿದ್ದಲ್ಲಿ ಇಲ್ಲವೇ ಆಪತ್ತಿನಲ್ಲಿ ಪರರ ಅನ್ನವನ್ನು ಉಣ್ಣಬೇಕು, ನಿನಗೆ ಪ್ರೀತಿಯಿಲ್ಲ, ನಮಗೆ ಆಪತ್ತಿಲ್ಲ ಎಂಬರ್ಥದ ಉತ್ತರ ಕೊಟ್ಟು ಕೃಷ್ಣನು ವಿದುರನ ಮನೆಯಲ್ಲಿ ಉಣ್ಣುತ್ತಾನೆ. ದೂತನು ಕಾರ್ಯ ಮುಗಿಯುವ ಮೊದಲು ಸತ್ಕಾರ ಸ್ವೀಕರಿಸಬಾರದೆಂಬ ನೀತಿ ಇದರ ಹಿಂದೆ ಇದೆ. ಧರ್ಮದ ದೃಷ್ಟಿಯಿಂದ ಕೃಷ್ಣನ ನಡೆ ಸರಿ. ಆದರೆ ಮನವೊಲಿಕೆಯ ದೃಷ್ಟಿಯಿಂದ ನೋಡಿದರೆ ಸಂಬಂಧೋಪಾಖ್ಯಾನದ ದಾರಿ ಅಲ್ಲಿಯೇ ಇಕ್ಕಟ್ಟಾಯಿತು. ತನ್ನ ಮನೆಯ ಅನ್ನವನ್ನು ಒಲ್ಲೆನೆಂದವನು ಮರುದಿನ ನಂಟಿನ ಮಾತು ಆಡಿದರೆ ಕೌರವನ ಕಿವಿಗೆ ಅದು ನಂಟಾಗಿ ಕೇಳಿಸದು. ಕೂಟದಲ್ಲಿ ಕೌರವನ ಪಾತ್ರಧಾರಿ ಈ ಎಳೆಯನ್ನು ಹಿಡಿದರೆ ಅದು ಕುತರ್ಕವಾಗುವುದಿಲ್ಲ, ನೊಂದ ಆತಿಥೇಯನ ದೂರಾಗುತ್ತದೆ.

ಎರಡನೆಯ ಕಾರಣ ಸ್ಥಳದ್ದು. ಭೀಷ್ಮ, ದ್ರೋಣ, ಧೃತರಾಷ್ಟ್ರ, ಋಷಿಗಳು, ಅರಸರು ನೆರೆದ ಸಭೆಯಲ್ಲಿ ಕೃಷ್ಣನು ಮಾತನಾಡುತ್ತಾನೆ. ಹಿರಿಯರೆಲ್ಲ ಒಬ್ಬರಾದ ಮೇಲೊಬ್ಬರು ಕೌರವನಿಗೆ ಬುದ್ಧಿ ಹೇಳುತ್ತಾರೆ. ಬುದ್ಧಿ ಹೇಳುವವರ ಸಂಖ್ಯೆ ಹೆಚ್ಚಿದಷ್ಟೂ ಒಪ್ಪಿಕೊಳ್ಳುವುದು ಸೋಲಾಗಿ ತೋರುತ್ತದೆ. ಎಲ್ಲರೂ ತನ್ನೊಬ್ಬನನ್ನೇ ನಿಂದಿಸುತ್ತಾರೆ, ತನ್ನ ತಪ್ಪೇನೆಂದು ತನಗೆ ಕಾಣುತ್ತಿಲ್ಲ ಎಂದು ದುರ್ಯೋಧನನು ವ್ಯಾಸಭಾರತದಲ್ಲಿ ಹೇಳುವ ಮಾತಿನಲ್ಲಿ ಈ ಮನೋಧರ್ಮ ಸ್ಪಷ್ಟವಾಗಿದೆ. ಐದು ಗ್ರಾಮಗಳ ಬೇಡಿಕೆ ಅಲ್ಪವೆಂಬುದು ಹೊರನೋಟ. ಅಷ್ಟು ಅಲ್ಪವನ್ನು ಬಹಿರಂಗದಲ್ಲಿ ಕೊಡುವುದೆಂದರೆ ಪಾಂಡವರ ಹಕ್ಕನ್ನು ಪೂರ್ತಿಯಾಗಿ ಒಪ್ಪಿದಂತೆ ಎಂಬುದು ಕೌರವನ ಎಣಿಕೆ. ಬೇಡಿಕೆ ಕಿರಿದಾದಂತೆ ಅದರ ಸಾಂಕೇತಿಕ ಭಾರ ಹಿರಿದಾಯಿತು.

ಮೂರನೆಯ ಕಾರಣ ಒಲಿಸುವವನ ಒಳಮನಸ್ಸಿನದು. ವ್ಯಾಸಭಾರತದಲ್ಲಿ ಉಪಪ್ಲಾವ್ಯಕ್ಕೆ ಮರಳಿದ ಕೃಷ್ಣನು ತಾನು ಮೊದಲು ಸಾಮವನ್ನು, ಅದು ಫಲಿಸದಿರಲು ಭೇದವನ್ನು, ಮತ್ತೆ ದಾನವನ್ನು ಬಳಸಿದೆನೆಂದೂ ಇನ್ನು ದಂಡವೇ ಗತಿಯೆಂದೂ ಯುಧಿಷ್ಠಿರನಿಗೆ ವರದಿ ಮಾಡುತ್ತಾನೆ. ಸಂಧಾನ ಫಲಿಸುವ ನಂಬಿಕೆ ಅವನಿಗೆ ಅಷ್ಟಾಗಿ ಇರಲಿಲ್ಲ. ಯತ್ನಿಸಲಿಲ್ಲವೆಂಬ ಅಪವಾದ ಬರಬಾರದೆಂಬ ಕಾಳಜಿಯನ್ನು ಅವನು ವಿದುರನಲ್ಲಿ ಹೇಳಿಕೊಂಡಿದ್ದಾನೆ. ಹಾಗಾದರೆ ಆ ಸಾಮದ ನಿಜವಾದ ಕೇಳುಗ ಯಾರು? ಕೌರವನೇ, ಸಭೆಯೇ, ಮುಂದಿನ ಲೋಕವೇ? ಅರ್ಥಧಾರಿಯು ಈ ಪ್ರಶ್ನೆಗೆ ತನ್ನಲ್ಲಿ ಉತ್ತರ ಕಂಡುಕೊಳ್ಳದೆ ಕೃಷ್ಣನ ಮಾತಿನ ಧ್ವನಿಯನ್ನು ನಿರ್ಧರಿಸಲಾರ. ಲೋಕಕ್ಕಾಗಿ ಆಡಿದ ಸಾಮವು ಎದುರಿಗಿದ್ದವನಿಗೆ ಸಾಮವಾಗಿ ತಟ್ಟುವುದು ಕಷ್ಟ.

ಸಂಧಾನವೆಂಬ ಹೆಸರನ್ನೇ ಹೊತ್ತ ಅಂಗದಸಂಧಾನವನ್ನು ಇಲ್ಲಿ ನೆನೆಯಬಹುದು. ಲಂಕೆಯ ಸಭೆಯಲ್ಲಿ ಅಂಗದನ ಮಾತು ಬಹುಪಾಲು ಚುಚ್ಚುಮಾತು; ರಾವಣನನ್ನು ಒಲಿಸುವುದಕ್ಕಿಂತ ಕೆಣಕುವುದೇ ಅದರ ಸೊಗಸು. ಸಂಧಾನದ ಹೆಸರು ಇದ್ದ ಮಾತ್ರಕ್ಕೆ ಮಾತು ಮೃದುವಾಗಬೇಕೆಂದಿಲ್ಲ ಎಂಬುದನ್ನು ಪ್ರಸಂಗಪರಂಪರೆ ಬಲ್ಲದು.

೫. ಕರ್ಣಭೇದನ: ಮೃದುಮಾತಿನ ಅಲಗು

ಸಭೆಯಲ್ಲಿ ಫಲಿಸದ ಪ್ರಯತ್ನವು ಹಿಂದಿರುಗುವ ದಾರಿಯಲ್ಲಿ ಬೇರೆ ರೂಪ ತಾಳುತ್ತದೆ. ಕೃಷ್ಣನು ಕರ್ಣನನ್ನು ರಥದಲ್ಲಿ ಕುಳ್ಳಿರಿಸಿಕೊಂಡು ಏಕಾಂತದಲ್ಲಿ ಅವನ ಜನ್ಮರಹಸ್ಯವನ್ನು ತಿಳಿಸುತ್ತಾನೆ. ಇಲ್ಲಿ ಸಭೆಯಿಲ್ಲ, ಒಪ್ಪಿದರೆ ಅವಮಾನವಾಗುವ ಭಯವಿಲ್ಲ. ಕೌಟಿಲ್ಯನು ಹೇಳಿದ ಸಾಮದ ಬಗೆಗಳು ಇಲ್ಲಿ ಸಾಲಾಗಿ ಕಾಣಿಸುತ್ತವೆ. ಕರ್ಣನ ಧರ್ಮಜ್ಞತೆಯ ಪ್ರಶಂಸೆ ಗುಣಸಂಕೀರ್ತನ. ನೀನು ಕುಂತಿಯ ಮಗನೆಂಬುದು ಸಂಬಂಧೋಪಾಖ್ಯಾನ. ಪಾಂಡವರೈವರು ನಿನ್ನ ಕಾಲಿಗೆರಗುವರು, ಸಿಂಹಾಸನ ನಿನ್ನದಾಗುವುದು ಎಂಬುದು ಆಯತಿಪ್ರದರ್ಶನ. ಆದರೆ ಕಥಾಭಾಗದ ಹೆಸರು ‘ಕರ್ಣಸಾಮ’ ಅಲ್ಲ, ‘ಕರ್ಣಭೇದನ’. ಮಾತೆಲ್ಲ ಸಾಮದ್ದು, ಉದ್ದೇಶ ಭೇದದ್ದು ಎಂಬ ತೀರ್ಮಾನವನ್ನು ಪರಂಪರೆಯೇ ಆ ಹೆಸರಿನ ಮೂಲಕ ಕೊಟ್ಟಿದೆ.

ಕನ್ನಡದ ಇಬ್ಬರು ಮಹಾಕವಿಗಳು ಈ ಸಂದರ್ಭವನ್ನು ನಿರ್ವಹಿಸಿದ ರೀತಿಯಲ್ಲಿ ಮಹತ್ತ್ವದ ವ್ಯತ್ಯಾಸವಿದೆ. ಪಂಪನ ವಿಕ್ರಮಾರ್ಜುನವಿಜಯದಲ್ಲಿ (ಕ್ರಿ.ಶ. ೯೪೧) ಕೃಷ್ಣನು ಜನ್ಮವೃತ್ತಾಂತದ ಜೊತೆಗೆ ಇನ್ನೊಂದು ಸಂಗತಿಯನ್ನೂ ಹೇಳುತ್ತಾನೆ. ಕರ್ಣನು ಕೌಂತೇಯನೆಂಬುದನ್ನು ದುರ್ಯೋಧನನು ಸತ್ಯಂತಪ ಮುನಿಯಿಂದ ಮೊದಲೇ ತಿಳಿದಿದ್ದನು, ಮುಳ್ಳಿನಿಂದ ಮುಳ್ಳನ್ನು ತೆಗೆಯುವ ಲೆಕ್ಕದಲ್ಲಿ ಅವನನ್ನು ಪೊರೆದನು ಎಂಬುದು ಆ ಸಂಗತಿ. ಇದು ಅರ್ಥಶಾಸ್ತ್ರದ ಲಕ್ಷಣಕ್ಕೆ ತಕ್ಕ ಶುದ್ಧ ಭೇದ. ಸ್ನೇಹದ ಬುಡದಲ್ಲಿ ಸಂಶಯವನ್ನು ನೆಡುವ ಕ್ರಮ. ಪಂಪನ ಕರ್ಣನು ಅದನ್ನು ಕೇಳಿಯೂ ಸ್ನೇಹಋಣವನ್ನು ಬಿಡುವುದಿಲ್ಲ. ಅವನ ನಿಷ್ಠೆಯ ಎತ್ತರವನ್ನು ತೋರಿಸುವುದಕ್ಕೆ ಆ ಸಂಶಯವೇ ಅಳತೆಗೋಲಾಗುತ್ತದೆ.

ಕುಮಾರವ್ಯಾಸನಲ್ಲಿ ದಾರಿ ಬೇರೆ. ಅವನ ಕೃಷ್ಣನು ಮೈದುನತನದ ಸಲಿಗೆಯಿಂದ ಕರ್ಣನನ್ನು ಎಳೆದು ತನ್ನ ಪೀಠದಲ್ಲಿಯೇ ಕುಳ್ಳಿರಿಸಿಕೊಳ್ಳುತ್ತಾನೆ. ನಿಮ್ಮೊಡನೆ ಸರಿಸಮನಾಗಿ ಕೂರಲು ನಾನೆಷ್ಟರವನು ಎಂದು ಕರ್ಣನು ಅಳುಕುತ್ತಾನೆ. ಕೃಷ್ಣನು ಮೊದಲು ಮುಟ್ಟುವುದು ಈ ಅಳುಕನ್ನು. ಜೀವನವಿಡೀ ಸೂತನೆಂಬ ಹೀನಾಯವನ್ನು ಉಂಡವನಿಗೆ ರಾಜ್ಯಕ್ಕಿಂತ ಮೊದಲು ಬೇಕಾದುದು ಸಮಾನತೆಯ ಸ್ಪರ್ಶ ಎಂಬುದನ್ನು ಕವಿ ಬಲ್ಲನು. ಆಸನ ಹಂಚಿಕೊಂಡ ಬಳಿಕವೇ ಮಾತು ತೊಡಗುತ್ತದೆ. ಕರ್ಣನ ಕೊರಳು ಬಿಗಿದು ಕಣ್ಣೀರು ಹರಿಯುತ್ತದೆ. ಇಲ್ಲಿ ಆತ್ಮೋಪನಿಧಾನವು ಮಾತಿಗಿಂತ ಮುಂಚೆ ದೇಹದ ಸಾಮೀಪ್ಯವಾಗಿ ಪ್ರಕಟವಾಗಿದೆ. ವೇಷವೂ ಚಲನೆಯೂ ಇಲ್ಲದ ತಾಳಮದ್ದಳೆಯಲ್ಲಿ ಇದನ್ನು ಸ್ವರದಿಂದ, ಸಂಬೋಧನೆಯಿಂದ, ಮಾತಿನ ನಡುವಿನ ಮೌನದಿಂದ ಸಾಧಿಸಬೇಕು. ‘ರಾಧೇಯ’ ಎಂದು ತೊಡಗಿದ ಸಂಬೋಧನೆಯು ಯಾವ ಘಟ್ಟದಲ್ಲಿ ‘ಕೌಂತೇಯ’ ಆಗಬೇಕು ಎಂಬ ಒಂದು ನಿರ್ಣಯದ ಮೇಲೆ ಇಡೀ ಸನ್ನಿವೇಶದ ಪರಿಣಾಮ ನಿಂತಿರುತ್ತದೆ.

ಕರ್ಣನ ನಿರಾಕರಣೆಯನ್ನೂ ಅಷ್ಟೇ ಗಮನದಿಂದ ನೋಡಬೇಕು. ವ್ಯಾಸಭಾರತದ ಕರ್ಣನು ಕೃಷ್ಣನ ಮಾತನ್ನು ಸುಳ್ಳೆನ್ನುವುದಿಲ್ಲ, ಕೃಷ್ಣನ ಪ್ರೀತಿಯನ್ನು ಶಂಕಿಸುವುದೂ ಇಲ್ಲ. ರಾಧೆಯ ಎದೆಹಾಲು, ಅಧಿರಥನು ಮಾಡಿಸಿದ ಸಂಸ್ಕಾರಗಳು, ಸೂತಕುಲದ ಮದುವೆಗಳು, ದುರ್ಯೋಧನನ ಆಶ್ರಯದಲ್ಲಿ ಉಂಡ ರಾಜ್ಯಭೋಗ ಇವುಗಳನ್ನು ಒಂದೊಂದಾಗಿ ಹೇಳುತ್ತಾನೆ. ಕೃಷ್ಣನು ಹುಟ್ಟಿನ ಸಂಬಂಧವನ್ನು ಮುಂದಿಟ್ಟರೆ ಕರ್ಣನು ಬದುಕಿನ ಸಂಬಂಧವನ್ನು ಎದುರಿಡುತ್ತಾನೆ. ಅದೇ ಸಾಮದ ಅಸ್ತ್ರ ಎದುರುಮುಖವಾಗಿ ತಿರುಗುತ್ತದೆ. ಕಡೆಗೆ ಈ ರಹಸ್ಯವನ್ನು ಯುಧಿಷ್ಠಿರನಿಗೆ ತಿಳಿಸಬೇಡವೆಂದು ಕರ್ಣನೇ ಕೃಷ್ಣನನ್ನು ಬೇಡಿಕೊಳ್ಳುತ್ತಾನೆ; ತಿಳಿದರೆ ಧರ್ಮಜನು ರಾಜ್ಯವನ್ನು ತನಗೊಪ್ಪಿಸುವನು, ತಾನದನ್ನು ದುರ್ಯೋಧನನಿಗೆ ಒಪ್ಪಿಸಬೇಕಾಗುವುದು ಎಂಬುದು ಅವನ ಕಾರಣ. ಒಲಿಸಲು ಬಂದವನೇ ಒಂದು ಒಡಂಬಡಿಕೆಗೆ ಕಟ್ಟುಬಿದ್ದು ಹಿಂದಿರುಗುತ್ತಾನೆ.

ಕರ್ಣನು ಪಕ್ಷ ಬದಲಿಸಲಿಲ್ಲ ಎಂಬ ಮಾತ್ರಕ್ಕೆ ಈ ಮನವೊಲಿಕೆ ನಿಷ್ಫಲವಾಯಿತೇ? ಹಾಗೆನ್ನಲಾಗದು. ಎದುರಾಳಿಗಳು ತಮ್ಮಂದಿರೆಂದು ತಿಳಿದ ಮೇಲೆ ಅವನ ಯುದ್ಧ ಮೊದಲಿನಂತೆ ಉಳಿಯಲಿಲ್ಲ. ಅವನ ತೋಳು ಕೌರವನದಾಗಿಯೇ ಉಳಿಯಿತು, ಮನಸ್ಸು ಎರಡಾಯಿತು. ಮೃದುವಾದ ಮಾತು ನಿರಪಾಯಕಾರಿಯೆಂಬ ನಂಬಿಕೆಯನ್ನು ಈ ಸಂದರ್ಭ ಪ್ರಶ್ನಿಸುತ್ತದೆ. ಗದರಿಕೆಯನ್ನು ಮನುಷ್ಯನು ತಳ್ಳಿಹಾಕಬಲ್ಲ. ಪ್ರೀತಿಯಿಂದ ಹೇಳಿದ ಸತ್ಯವನ್ನು ನಿರಾಕರಿಸಿದರೂ ಅದು ಒಳಗೆ ಉಳಿದು ಕೊರೆಯುತ್ತದೆ. ಕೃಷ್ಣನ ಪಾತ್ರಧಾರಿಗೆ ಇಲ್ಲಿ ಒದಗುವುದು ನೈತಿಕ ಪರೀಕ್ಷೆ. ತನ್ನ ಮಾತಿನಿಂದ ಎದುರಿನವನಿಗೆ ಒದಗುವ ನೋವನ್ನು ಅವನು ಬಲ್ಲನೇ? ಬಲ್ಲವನ ಧ್ವನಿಗೂ ಕಾರ್ಯಸಾಧಕನ ಧ್ವನಿಗೂ ಇರುವ ಅಂತರವನ್ನು ಅನುಭವಿಗಳಾದ ಕೇಳುಗರು ಕೂಡಲೇ ಗುರುತಿಸುತ್ತಾರೆ.

೬. ಪಾದುಕಾ ಪ್ರದಾನ: ಸೋಲಿಲ್ಲದ ಒಡಂಬಡಿಕೆ

ಮೂರನೆಯ ಸಂದರ್ಭದಲ್ಲಿ ಒಲಿಸುವವನಿಗೂ ಒಲ್ಲದವನಿಗೂ ನಡುವೆ ಹಗೆಯಿಲ್ಲ. ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಚಲಿತವಾದ ರಾಮಾಯಣ ಪ್ರಸಂಗಗಳ ಮೂಲಕ ಕರಾವಳಿಯ ಕೇಳುಗರಿಗೆ ಚಿರಪರಿಚಿತವಾದ ಕಥೆಯ ಭಾಗವಿದು. ರಾಜ್ಯ ನನಗೆ ಬೇಡ, ನಿನಗಿರಲಿ ಎಂದು ಇಬ್ಬರೂ ವಾದಿಸುವ ಅಪೂರ್ವ ಸನ್ನಿವೇಶ.

ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಭರತನ ಯತ್ನಗಳು ಹಂತಹಂತವಾಗಿ ಬೆಳೆಯುತ್ತವೆ. ಭರತನು ಮೊದಲು ಬೇಡುತ್ತಾನೆ. ಜಾಬಾಲಿಯು ಪರಲೋಕವನ್ನೇ ಅಲ್ಲಗಳೆಯುವ ತರ್ಕ ಹೂಡುತ್ತಾನೆ. ಅದರಿಂದ ರಾಮನು ಕೋಪಗೊಳ್ಳುತ್ತಾನೆ. ವಸಿಷ್ಠನು ಇಕ್ಷ್ವಾಕುವಂಶದಲ್ಲಿ ಹಿರಿಯನಿಗೇ ಪಟ್ಟವೆಂಬ ಕುಲಧರ್ಮವನ್ನು ಹೇಳುತ್ತಾನೆ. ಯಾವುದೂ ಫಲಿಸದಿರಲು ಭರತನು ದರ್ಭೆ ಹಾಸಿ ರಾಮನ ಎದುರು ಪ್ರಾಯೋಪವೇಶಕ್ಕೆ ಮಲಗುತ್ತಾನೆ. ಅದು ಕ್ಷತ್ರಿಯನಿಗೆ ತಕ್ಕುದಲ್ಲವೆಂದು ರಾಮನು ಎಬ್ಬಿಸುತ್ತಾನೆ. ಉಪವಾಸದ ಒತ್ತಾಯವು ಮೃದುವಾಗಿ ತೋರುವ ದಂಡವೆಂಬುದನ್ನು ಕಥೆ ಇಲ್ಲಿ ಸೂಚಿಸುವಂತಿದೆ. ಪ್ರೀತಿಯ ಹೆಸರಿನಲ್ಲಿ ಎದುರಿನವನ ಆಯ್ಕೆಯನ್ನು ಕಸಿದುಕೊಳ್ಳುವ ಮಾರ್ಗವದು.

ಬಿಕ್ಕಟ್ಟು ಬಿಡಿಸಿಕೊಳ್ಳುವುದು ಪಾದುಕೆಗಳಿಂದ. ರಾಮನು ಅವುಗಳ ಮೇಲೆ ಪಾದವಿರಿಸಿ ಕೊಡುತ್ತಾನೆ. ಭರತನು ಅವುಗಳನ್ನು ಸಿಂಹಾಸನದ ಅಧಿಕಾರವೆಂದು ಸ್ವೀಕರಿಸಿ, ಹದಿನಾಲ್ಕು ವರ್ಷ ನಂದಿಗ್ರಾಮದಲ್ಲಿ ವ್ರತಸ್ಥನಾಗಿದ್ದು ರಾಜ್ಯಭಾರ ನಡೆಸುವೆನೆನ್ನುತ್ತಾನೆ. ಅವಧಿ ಮುಗಿದ ದಿನ ರಾಮನನ್ನು ಕಾಣದಿದ್ದರೆ ಅಗ್ನಿಪ್ರವೇಶ ಮಾಡುವೆನೆಂದೂ ಹೇಳುತ್ತಾನೆ. ರಾಮನ ಪಿತೃವಾಕ್ಯಪಾಲನೆ ಉಳಿಯಿತು, ಭರತನ ಭ್ರಾತೃನಿಷ್ಠೆಯೂ ಉಳಿಯಿತು. ರಾಮನು ಅಯೋಧ್ಯೆಗೆ ಮರಳಲಿಲ್ಲವಾದರೂ ಅಯೋಧ್ಯೆ ರಾಮನಿಲ್ಲದೆ ಉಳಿಯಲಿಲ್ಲ.

ಹಿಂದಿನ ಎರಡು ಸಂದರ್ಭಗಳಿಗೆ ಹೋಲಿಸಿದರೆ ಇಲ್ಲಿನ ವೈಶಿಷ್ಟ್ಯ ಕಾಣುತ್ತದೆ. ಕೌರವನ ಸಭೆಯಲ್ಲಿ ಕೇಳುವವನೂ ನಿರಾಕರಿಸುವವನೂ ತಾವು ಹಿಡಿದ ಮಾತನ್ನು ಬಿಡಲಿಲ್ಲ. ಕರ್ಣನ ಎದುರು ಕೃಷ್ಣನು ಕೊಡುಗೆಯನ್ನು ಹಿಗ್ಗಿಸಿದನು, ಗುರಿಯನ್ನು ಬದಲಿಸಲಿಲ್ಲ. ಚಿತ್ರಕೂಟದಲ್ಲಿ ಭರತನು ತಾನು ಕೇಳಿದುದನ್ನೇ ಮಾರ್ಪಡಿಸಿಕೊಂಡನು. ಅಣ್ಣನು ಬರುವುದಿಲ್ಲವೆಂಬುದನ್ನು ಒಪ್ಪಿ, ಆ ನಿರಾಕರಣೆಯೊಳಗೇ ತನಗೆ ಏನು ದೊರೆಯಬಹುದೆಂದು ಹುಡುಕಿದನು. ಒಲಿಸಲು ಬಂದವನು ಮೊದಲು ತಾನು ಒಲಿಯಬೇಕಾಯಿತು. ‘ಒಡಂಬಡಿಕೆ’ ಎಂಬ ಪದದ ‘ಒಡಂ’ ಎಂಬ ಮೊದಲ ಭಾಗಕ್ಕೆ ಕೂಡಿ, ಜೊತೆಯಾಗಿ ಎಂಬರ್ಥವಿರುವುದು ಇಲ್ಲಿ ಸಾರ್ಥಕವಾಗಿದೆ.

ಅರ್ಥಗಾರಿಕೆಯ ದೃಷ್ಟಿಯಿಂದ ಇದು ಸುಲಭದ ಪ್ರಸಂಗವಲ್ಲ. ವೀರರಸದ ಏರುಮಾತಿಗೆ, ಸವಾಲು-ಮರುಸವಾಲಿನ ಚಮತ್ಕಾರಕ್ಕೆ ಇಲ್ಲಿ ಎಡೆ ಕಡಿಮೆ. ಭರತನ ಮಾತು ಅತಿಯಾದರೆ ಗೋಳಾಗುತ್ತದೆ. ರಾಮನ ಮಾತು ಅತಿಯಾದರೆ ಉಪದೇಶವಾಗುತ್ತದೆ. ಇದಿರು ಅರ್ಥಧಾರಿಯ ಮಾತನ್ನು ಪೂರ್ತಿಯಾಗಿ ಆಲಿಸಿ ಅದರ ಒಂದು ಪದವನ್ನು ಎತ್ತಿಕೊಂಡು ಮುಂದುವರಿಯುವ ಸಂಯಮವಿದ್ದವರಿಗೆ ಮಾತ್ರ ಇದು ಒದಗುತ್ತದೆ.

೭. ಅರ್ಥಧಾರಿಗಳ ನಡುವಿನ ಮನವೊಲಿಕೆ

ಪಾತ್ರಗಳ ನಡುವಿನ ಮನವೊಲಿಕೆಯ ಜೊತೆಗೆ ಕೂಟದಲ್ಲಿ ಇನ್ನೊಂದು ಮನವೊಲಿಕೆ ಸದಾ ನಡೆಯುತ್ತಿರುತ್ತದೆ. ಮಾತು ಮುಂಚಿತವಾಗಿ ಬರೆದುದಲ್ಲವಾದ್ದರಿಂದ ಒಬ್ಬ ಅರ್ಥಧಾರಿ ಎತ್ತಿದ ವಿಚಾರವನ್ನು ಇನ್ನೊಬ್ಬನು ಬೆಳೆಸದಿದ್ದರೆ ಸಂವಾದ ಕುಸಿಯುತ್ತದೆ. ಎದುರಿನವನು ಸಿದ್ಧನಿಲ್ಲದ ವಿಷಯಕ್ಕೆ ಅವನನ್ನು ಎಳೆದು ಸಿಕ್ಕಿಸುವುದು ಸಾಧ್ಯ. ಅವನಿಂದ ಒಳ್ಳೆಯ ಉತ್ತರ ಬರುವಂತೆ ಪ್ರಶ್ನೆಯನ್ನು ರೂಪಿಸುವುದೂ ಸಾಧ್ಯ. ಮೊದಲನೆಯದರಿಂದ ಚಪ್ಪಾಳೆ ದೊರೆಯಬಹುದು. ಎರಡನೆಯದರಿಂದ ಪ್ರಸಂಗ ಬೆಳೆಯುತ್ತದೆ.

ಶೇಣಿ, ದೇರಾಜೆ ಸೀತಾರಾಮಯ್ಯ, ಮಲ್ಪೆ ಶಂಕರನಾರಾಯಣ ಸಾಮಗ, ಮಲ್ಪೆ ರಾಮದಾಸ ಸಾಮಗ ಮೊದಲಾದವರು ಇಪ್ಪತ್ತನೆಯ ಶತಮಾನದಲ್ಲಿ ಈ ಕಲೆಯನ್ನು ಎತ್ತರಕ್ಕೆ ಒಯ್ದರು. ಅವರ ಬಳಿಕದ ಪೀಳಿಗೆಯ ಕುಂಬಳೆ ಸುಂದರ ರಾವ್ (೧೯೩೪-೨೦೨೨) ಅವರವರೆಗೂ ಪ್ರತಿಯೊಬ್ಬರ ಶೈಲಿ ಬೇರೆಯಾಗಿತ್ತು. ಭಿನ್ನ ಶೈಲಿಯ ಇಬ್ಬರು ಒಂದೇ ಪ್ರಸಂಗದಲ್ಲಿ ಎದುರಾದಾಗ ಪರಸ್ಪರ ಒಪ್ಪಂದವೊಂದು ವೇದಿಕೆಯ ಮೇಲೆಯೇ ರೂಪುಗೊಳ್ಳಬೇಕಾಗುತ್ತದೆ. ಭಾಗವತನ ಪಾತ್ರ ಇಲ್ಲಿ ನಿರ್ಣಾಯಕ. ಮಾತು ಹಳಿ ತಪ್ಪುತ್ತಿದೆಯೆಂದು ಕಂಡರೆ ಮುಂದಿನ ಪದ್ಯವನ್ನು ಎತ್ತಿಕೊಂಡು ಯಾರಿಗೂ ನೋವಾಗದಂತೆ ಸಂವಾದವನ್ನು ಸರಿದಾರಿಗೆ ತರುವವನು ಅವನು.

ರಾತ್ರಿಯಿಡೀ ನಡೆಯುತ್ತಿದ್ದ ಕೂಟಗಳು ಕೆಲವು ಗಂಟೆಗಳ ಕಾಲಮಿತಿಗೆ ಒಳಪಟ್ಟಿರುವ ಇಂದಿನ ಸಂದರ್ಭದಲ್ಲಿ ಈ ವಿಷಯಕ್ಕೆ ಹೆಚ್ಚಿನ ಮಹತ್ತ್ವವಿದೆ. ಕಾಲಮಿತಿಯಿಂದ ಅಚ್ಚುಕಟ್ಟು ಬಂದಿದೆ, ಹೊಸ ಕೇಳುಗರೂ ಬಂದಿದ್ದಾರೆ. ಆದರೆ ಸಮಯ ಕಡಿಮೆಯಾದಾಗ ಮೊದಲು ಕತ್ತರಿಗೆ ಸಿಲುಕುವುದು ನಿಧಾನ, ಮತ್ತು ನಿಧಾನವಿಲ್ಲದೆ ಒಲಿಸುವಿಕೆ ಇಲ್ಲ. ಸವಾಲು ಮತ್ತು ಖಂಡನೆಗೆ ಕೆಲವು ನಿಮಿಷ ಸಾಕು. ಎದುರಿನವನ ಅಳುಕನ್ನು ಅರಿತು, ಅವನ ಕಾರಣಗಳನ್ನು ಅವನ ಬಾಯಿಂದಲೇ ಹೊರಡಿಸಿ, ಅವುಗಳನ್ನು ಗೌರವಿಸಿ ಮುಂದುವರಿಯಲು ಹೊತ್ತು ಬೇಕು. ಸಂವಾದವು ಗೆಲ್ಲುವ ಮಾತಿಗೆ ಸೀಮಿತವಾದರೆ ತಾಳಮದ್ದಳೆಯು ಬೇರೆಲ್ಲಿಯೂ ದೊರೆಯುವ ವಾದಸ್ಪರ್ಧೆಗಳ ಸಾಲಿಗೆ ಸೇರಿಬಿಡುವ ಅಪಾಯವಿದೆ.

೮. ಸಮಾರೋಪ

ಮೂರು ಸಂದರ್ಭಗಳ ಪರಿಶೀಲನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ತುಂಬಿದ ಸಭೆಯಲ್ಲಿ, ನಂಟನ್ನು ಮೊದಲೇ ಸಡಿಲಿಸಿಕ್ಕೊಂಡ ಬಳಿಕ ಆಡಿದ ಸಾಮವು ನ್ಯಾಯವಾದುದಾದರೂ ಒಲಿಸುವುದಿಲ್ಲ. ಏಕಾಂತದಲ್ಲಿ, ಸಮಾನಾಸನ ಕೊಟ್ಟು ಆಡಿದ ಸಾಮವು ಮನಸ್ಸಿನ ಆಳವನ್ನು ತಲಪುತ್ತದೆ. ಅದರ ಉದ್ದೇಶ ಭೇದವಾದರೆ ಆ ಆಳದಲ್ಲಿಯೇ ಗಾಯವಾಗುತ್ತದೆ. ಕೇಳುವವನು ತನ್ನ ಬೇಡಿಕೆಯನ್ನು ಮಾರ್ಪಡಿಸಿಕೊಳ್ಳಲು ಸಿದ್ಧನಾದಾಗ ಇಬ್ಬರೂ ಕುಗ್ಗದ ಒಡಂಬಡಿಕೆ ಸಾಧ್ಯವಾಗುತ್ತದೆ.

ಮೂರರಲ್ಲಿಯೂ ನಿರಾಕರಿಸಿದವನ ಮಾತು ಕೇಳುಗರ ನೆನಪಿನಲ್ಲಿ ಉಳಿಯುತ್ತದೆ. ಕರ್ಣನ ‘ಒಲ್ಲೆ’, ರಾಮನ ‘ಬಾರೆ’, ಕೌರವನ ‘ಕೊಡೆ’ ಇವು ಬಲವಾಗಿರುವಷ್ಟು ಮಟ್ಟಿಗೆ ಕೃಷ್ಣನ, ಭರತನ ಮಾತುಗಳೂ ಬಲವನ್ನು ಪಡೆಯುತ್ತವೆ. ಒಲ್ಲದಿರುವ ಸ್ವಾತಂತ್ರ್ಯ ಎದುರಿನವನಿಗೆ ನಿಜವಾಗಿ ಇದ್ದಾಗ ಮಾತ್ರ ಒಲಿಸುವಿಕೆಗೆ ಅರ್ಥವಿದೆ. ಆ ಸ್ವಾತಂತ್ರ್ಯಕ್ಕೆ ಆಸನ ಕೊಟ್ಟು, ಅದರ ಮಾತು ಮುಗಿಯುವವರೆಗೆ ಕಾಯುವ ಶಿಸ್ತನ್ನು ತಾಳಮದ್ದಳೆಯು ತನ್ನ ಸ್ವರೂಪದಲ್ಲಿಯೇ ಅಳವಡಿಸಿಕೊಂಡಿದೆ. ಈ ಕಲೆಯ ಸಂವಾದಗಳ ಧ್ವನಿಮುದ್ರಿಕೆಗಳನ್ನು ಸಂಗ್ರಹಿಸಿ ಅಧ್ಯಯನ ಮಾಡುವವರು ಒಲಿಸಿದವರ ವಾಕ್ಚಾತುರ್ಯದ ಜೊತೆಗೆ ಒಲ್ಲೆನೆಂದವರ ಮಾತಿನ ವಿನ್ಯಾಸವನ್ನೂ ಅಷ್ಟೇ ಶ್ರದ್ಧೆಯಿಂದ ದಾಖಲಿಸಬೇಕಾದ ಅಗತ್ಯವಿದೆ.